ಟಿಕೆಟ್ಟಿಲ್ಲದ ಫೋನು

ಹನ್ನೊಂದಕ್ಕೆ ಸೊಸೆಗೆ ವಿಡಿಯೋ ಸಂದರ್ಶನ. ಇಂಟರ್ನೆಟ್ ಕಂಪನಿಯೊಂದರ ಸಹಾಯವಾಣಿಯಲ್ಲಿ ಕೂತು ಗ್ರಾಹಕರ ಗೋಳು ಕೇಳುವ ಕೆಲಸ; ಮೂರು ವರ್ಷ ಅರ್ಜಿ ಹಾಕಿ ಹಾಕಿ ಸಿಕ್ಕ ಮೊದಲ ಕರೆ. ಹತ್ತೂವರೆಗೆ ನೋಡಿದರೆ, ಮೊನ್ನೆ ಕೊಂಡ ಹೊಸ ಫೋನು ಮನೆಯ ವೈಫೈಗೆ ಸೇರಲೊಲ್ಲದು. ಸಿಮ್ಮಿನ ಸಿಗ್ನಲ್ಲೋ, ಆ ದಪ್ಪ ಗೋಡೆಗಳ ಮನೆಯೊಳಗೆ ಹೆಜ್ಜೆಯಿಡುವುದೇ ಇಲ್ಲ.

"ಮಾವ, ನಿಮ್ಮ ಫೋನ್ ಒಂದು ಗಂಟೆ ಕೊಡ್ತೀರಾ?"

"ಅದನ್ನ ಕೊಟ್ಟು ನಾನು ರಿಪೇರಿ ಮಾಡೋದು ಹೇಗಮ್ಮ? ತಾ ಇಲ್ಲಿ ನಿಂದು."

ಮಾವ ಮೂವತ್ತಾರು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ರೈಲು ಅವರನ್ನು ಇಳಿಸಿತ್ತು, ಅವರಿನ್ನೂ ಇಳಿದಿರಲಿಲ್ಲ. ಕನ್ನಡಕವೇರಿಸಿ ಫೋನು ಆರಿಸಿದರು, ಹೊತ್ತಿಸಿದರು. ಪಾಸ್‌ವರ್ಡನ್ನು ಮಂತ್ರದಂತೆ ಮಣಮಣಿಸುತ್ತ ಮೂರು ಸಲ ಒತ್ತಿದರು. ರೌಟರಿನ ವೈರು ಕಿತ್ತು, ಉಫ್ ಎಂದು ಊದಿ, ಮತ್ತೆ ಚುಚ್ಚಿದರು. ಫೋನು ಮೌನವ್ರತ ಬಿಡಲಿಲ್ಲ.

"ಅಂಗಡಿಯವನು ನಿಂಗೆ ಸರಿಯಾಗಿ ಟೋಪಿ ಹಾಕಿದಾನೆ."

"ನಿನ್ನೆ ಸಂಜೆವರೆಗೂ ಬರ್ತಿತ್ತಲ್ಲ ಮಾವ. ರೌಟರಲ್ಲಿ ಏನಾದ್ರೂ ಬದಲಾಯಿಸಿದ್ರಾ?"

"ನಾನಾ? ಏನೂ ಇಲ್ಲ. ಒಬ್ಬ ಕಳ್ಳನ್ನ ಹಿಡಿದೆ, ಅಷ್ಟೇ." ಎದೆಯುಬ್ಬಿಸಿ ತಮ್ಮ ಫೋನಿನಲ್ಲಿದ್ದ ಪಟ್ಟಿ ತೋರಿಸಿದರು. "ಮನೇಲಿರೋದು ನಂದು, ನಿಮ್ಮತ್ತೇದು, ಮಗಂದು. ಮೂರು. ಈ ನಾಲ್ಕನೇದು ಯಾವನದು? ಟಿಕೆಟ್ಟಿಲ್ದೆ ಹತ್ತಿ ಕೂತಿದ್ದ. ಬ್ಲಾಕ್ ಮಾಡಿ ಇಳಿಸ್ಬಿಟ್ಟೆ! ಪಕ್ಕದ ಮನೆಯವನೇ ಇರ್ಬೇಕು, ಬೆಳಿಗ್ಗೆ ಮುಖ ಸಪ್ಪಗಿತ್ತು."

ಸೊಸೆ ಬಗ್ಗಿ ಪಟ್ಟಿಯನ್ನು ನೋಡಿದಳು.

"ನಾನೂ ಈ ಮನೇಲೇ ಇದೀನಲ್ಲ ಮಾವ?"

ಮಾವ ಬೆರಳು ಮಡಿಸಿ ಮತ್ತೊಮ್ಮೆ ಎಣಿಸಿದರು. ಲೆಕ್ಕ ನಾಲ್ಕಕ್ಕೇ ಬಂತು. ಆದರೂ ಸೋಲಲಿಲ್ಲ.

"ಅದ್ರಲ್ಲಿ ನಿನ್ನ ಹೆಸರಿಲ್ಲ, ಬರೀ ನಂಬರು. ಪರಿಶೀಲನೆ ಮಾಡ್ಬೇಕಾಗುತ್ತೆ. ಕಳ್ಳರೂ ಹೀಗೇ ಹೇಳ್ತಾರೆ."

ಹನ್ನೊಂದಕ್ಕೆ ಎರಡೇ ನಿಮಿಷ. ಬಟ್ಟೆ ಮಡಿಸುತ್ತಿದ್ದ ಅತ್ತೆ ಎದ್ದು ಬಂದು ಗಂಡನ ಕೈಯಿಂದ ಪಟ್ಟಿಯಿದ್ದ ಫೋನು ಕಿತ್ತುಕೊಂಡರು.

"ನಿಮ್ಮ ಪರಿಶೀಲನೆ ಮುಗಿಯೋ ಹೊತ್ತಿಗೆ ಅವಳ ರೈಲು ಹೋಗಿರುತ್ತೆ. ಎಲ್ಲಿ ಒತ್ತಬೇಕೇ?"

ಸೊಸೆ ತೋರಿಸಿದಳು. ಅತ್ತೆ ಒತ್ತಿದರು. ಸೊಸೆಯ ಫೋನಿಗೆ ವೈಫೈ ಬಂತು, ಪರದೆಯ ಮೇಲೆ ಸಂದರ್ಶಕಿಯ ಮುಖವೂ ಬಂತು.

"ತಪ್ಪು ಗ್ರಾಹಕರದೇ, ಆದ್ರೆ ಅವರು ಒಪ್ಪಲ್ಲ. ಏನ್ಮಾಡ್ತೀರಿ?"

ಮಾವ ಬಾಗಿಲಲ್ಲಿ ಮೈಯೆಲ್ಲ ಕಿವಿಯಾಗಿ ನಿಂತಿದ್ದರು.

"ಸರ್ ಸರ್ ಅಂತ ಮರ್ಯಾದೆಯಿಂದ ಮಾತಾಡ್ತೀನಿ ಮೇಡಂ. ಆಮೇಲೆ, ಫೋನನ್ನ ಸ್ವಲ್ಪ ನಿಮ್ಮ ಹೆಂಡತಿ ಕೈಗೆ ಕೊಡಿ ಅಂತೀನಿ."

ಸಂದರ್ಶಕಿ ಗೊಳ್ಳನೆ ನಕ್ಕು, ಯಾವತ್ತಿಂದ ಬರ್ತೀರಿ ಎಂದರು. ಮಾವನೂ ಮೆಚ್ಚಿ ತಲೆದೂಗಿದರು. ಅಂಥ ಮೊಂಡು ಜನರನ್ನು ತಮ್ಮ ಕಾಲದಲ್ಲಿ ಅವರೂ ಬೇಕಾದಷ್ಟು ಕಂಡಿದ್ದರು.