ನೀಲಿ ಬೋಗುಣಿ

ಆ ನೀಲಿ ಬೋಗುಣಿಯನ್ನು ತಾನು ತೊಳೆದಿರಲಿಲ್ಲ, ಟಿಶ್ಯೂ ಕಾಗದದಿಂದ ಒರೆಸಿದ್ದಷ್ಟೇ ಎಂಬುದು ಬರ್ನಡೀನ್ ಪಿಲಾರ್ಸ್ಕಿಗೆ ನೆನಪಾದದ್ದು ಸೋಮವಾರ ಬೆಳಿಗ್ಗೆ, ಗೆಳತಿ ಡೊಲೋರಿಸ್ ಫೋನಿನಲ್ಲಿ ಅಳುತ್ತಿದ್ದಾಗ. ಡೊಲೋರಿಸಳ ಮಗಳು ಕೊರಿನ್ ಆಸ್ಪತ್ರೆಯಲ್ಲಿದ್ದಳು. ಹಿಂದಿನ ಸಂಜೆ ಪಿಲಾರ್ಸ್ಕಿ ಅಂಗಡಿಯಿಂದ ತರಿಸಿದ ಕೋಳಿ ರೆಕ್ಕೆಗಳಲ್ಲಿ ಎರಡು ತಿನ್ನುವಷ್ಟರಲ್ಲಿ ಅವಳ ತುಟಿ ಊದಿ, ಗಂಟಲು ಮುಚ್ಚಿಕೊಂಡಿತ್ತು. ಆಂಬುಲೆನ್ಸಿನವರು ಬಾಗಿಲಲ್ಲೇ ಚುಚ್ಚುಮದ್ದು ಕೊಟ್ಟು, ಗಂಟಲಿಗೆ ಕೊಳವೆ ಇಳಿಸಿ ಕರೆದೊಯ್ದಿದ್ದರು. ಕೊರಿನ್‌ಗೆ ಕಡಲೆಕಾಯಿ ಆಗದು ಎಂಬುದು ಲ್ಯಾಕವಾನಾ ಊರಿನಲ್ಲಿ ಬೇರೆ ಯಾರಿಗೆ ಗೊತ್ತಿರದಿದ್ದರೂ ಬರ್ನಡೀನ್‌ಗೆ ಗೊತ್ತಿತ್ತು. ಆ ಹುಡುಗಿ ತೊಟ್ಟಿಲಲ್ಲಿದ್ದಾಗಿನಿಂದ ಗೊತ್ತಿತ್ತು.

ಅಂಗಡಿ ಅಪ್ಪನ ಕಾಲದ್ದು. ಉಕ್ಕಿನ ಕಾರ್ಖಾನೆಗೆ ಬೀಗ ಬಿದ್ದ ಮೇಲೆ, ಅಪ್ಪ ಕೈಗೆ ಬಂದ ದುಡ್ಡನ್ನೆಲ್ಲ ಪಿಜ್ಜಾ ಒಲೆಗೆ ಹಾಕಿ ತೆರೆದದ್ದು. ಅಪ್ಪ ಹೋದ ಮೇಲೆ ಅಕ್ಕ ತಮ್ಮ ಇಬ್ಬರೇ ನಡೆಸಿಕೊಂಡು ಬಂದರು. ಅರವತ್ತೊಂದರ ಬರ್ನಡೀನ್‌ಗೆ ಮದುವೆಯಾಗಿರಲಿಲ್ಲ. ಫೋನು, ಎಣ್ಣೆಯ ಬಾಂಡಲೆ, ಕೋಳಿ ರೆಕ್ಕೆ ಅವಳ ಪಾಲು. ಅವಳಿಗಿಂತ ನಾಲ್ಕು ವರ್ಷ ಚಿಕ್ಕವನಾದ ಕ್ಯಾಸಿಮಿರ್‌ನದು ಪಿಜ್ಜಾ. ಊರೆಲ್ಲ ಅವನನ್ನು ಕ್ಯಾಸ್ ಎನ್ನುತ್ತಿತ್ತು. ಅವನ ತಲೆಯಲ್ಲಿ ತಿಂಗಳಿಗೊಂದು ಹುಚ್ಚು ಹುಟ್ಟುತ್ತಿತ್ತು. ಹಿಸುಕಿದ ಆಲೂಗಡ್ಡೆ, ಹುರಿದ ಈರುಳ್ಳಿ, ಹುಳಿ ಕೆನೆ ಹಾಕಿ ಅಜ್ಜಿಯ ಪಿರೋಗಿ ಕಡುಬನ್ನೇ ಪಿಜ್ಜಾ ಮೇಲೆ ಮಲಗಿಸಿದವನು ಅವನು. ಉಪ್ಪುನೀರಿನ ಸೌತೆಕಾಯಿ ಹೋಳು, ಹುಳಿ ಎಲೆಕೋಸಿನ ಜೊತೆ ಕೆಲ್ಬಾಸ ಸಾಸೇಜು, ಈಸ್ಟರ್ ಬಂತೆಂದರೆ ಬೀಟ್‌ರೂಟು ಮತ್ತು ಮೂಗಿಗೇರುವ ಮುಲ್ಲಂಗಿ. ಮೊದಲ ದಿನ ಜನ ನಗುತ್ತಿದ್ದರು. ಎರಡನೇ ವಾರಕ್ಕೆ ಸಾಲು ನಿಲ್ಲುತ್ತಿದ್ದರು. ಹೊಸದೊಂದು ಕೈಗೂಡಿದ ದಿನ ಕ್ಯಾಸ್ ಮೊದಲ ತುಂಡನ್ನು ಅಕ್ಕನ ಬಾಯಿಗೆ ಹಿಡಿದು, ಅವಳ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಅವನು ನಗುತ್ತಿದ್ದದ್ದು ಅಂಥ ದಿನಗಳಲ್ಲಿ ಮಾತ್ರ.

ಆ ಚಳಿಗಾಲ ಅವನು ರೆಕ್ಕೆಗಳಿಗೂ ಕೈ ಹಾಕಿದ. ಕಡಲೆಕಾಯಿ ಬೆಣ್ಣೆಗೆ ಖಾರದ ಸಾಸು, ಜೇನು ಬೆರೆಸಿ ಹೊಸ ರುಚಿ ಮಾಡಿದ. ಜೊತೆಗೆ ಕಟ್ಟುನಿಟ್ಟಿನ ನಿಯಮವನ್ನೂ ಮಾಡಿದ. ಅದಕ್ಕೆಂದೇ ನೀಲಿ ಬಣ್ಣದ ಬೋಗುಣಿ, ನೀಲಿ ಹಿಡಿಯ ಚಿಮಟ, ಅವನ್ನು ನೇತುಹಾಕಲು ಬೇರೆ ಮೊಳೆ. ಉಳಿದ ಬೋಗುಣಿಗಳೆಲ್ಲ ಸ್ಟೀಲಿನವು. ಎರಡೂ ಒಂದು ಕಡೆ ಸೇರಕೂಡದು.

ಫುಟ್‌ಬಾಲ್ ಫೈನಲ್ ನಡೆಯುವ ಸೂಪರ್ ಬೌಲ್ ಭಾನುವಾರ ಇಡೀ ಬಫಲೊ ಕಡೆಯ ಜನ ಟೀವಿ ಮುಂದೆ ಕೂತು ರೆಕ್ಕೆ ತಿನ್ನುವ ದಿನ. ಮಧ್ಯಾಹ್ನದಿಂದಲೇ ಫೋನು ಬಾಯಿ ಮುಚ್ಚಿರಲಿಲ್ಲ. ಐದು ಗಂಟೆಯ ಹೊತ್ತಿಗೆ ಸ್ಟೀಲ್ ಬೋಗುಣಿಗಳೆಲ್ಲ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಗುಡ್ಡೆಯಾಗಿದ್ದವು. ಕೊರಿನ್‌ಳದು ಇಪ್ಪತ್ತು ರೆಕ್ಕೆ, ಖಾರ ಕಡಿಮೆ. ಬಾಂಡಲೆಯಿಂದ ತೆಗೆದದ್ದು ಆರಿಹೋಗುತ್ತಿತ್ತು. ಬರ್ನಡೀನ್ ಕೈ ಚಾಚಿದಳು, ನೀಲಿ ಬೋಗುಣಿ ಸಿಕ್ಕಿತು. ಟಿಶ್ಯೂ ತೆಗೆದು ಒಂದು ಸುತ್ತು ಒರೆಸಿದಳು. ಬೆಣ್ಣೆ, ಸಾಸು, ರೆಕ್ಕೆ ಹಾಕಿ ನಾಲ್ಕು ಸಲ ಎಗರಿಸಿ ಡಬ್ಬಿಗೆ ಸುರಿದಳು. ಮುಂದಿನ ಫೋನು ಎತ್ತಿಕೊಂಡಳು.

ಮಂಗಳವಾರ ಕೌಂಟಿಯ ಆರೋಗ್ಯ ಇಲಾಖೆಯಿಂದ ಇನ್‌ಸ್ಪೆಕ್ಟರ್ ಬಂದ. ರೆಕ್ಕೆಗೆ ಸಾಸು ಕಲಸಿದ್ದು ಯಾರು ಎಂದು ಕೇಳಿದ. ಬರ್ನಡೀನ್ ಬಾಯಿ ತೆರೆದಳು. ಅಷ್ಟರಲ್ಲಿ ಕ್ಯಾಸ್ ಮುಂದೆ ಬಂದ. ಆ ಭಾನುವಾರ ಪಕ್ಕದಲ್ಲೇ ಕಡಲೆಕಾಯಿ ಸಾಸು ಕಲಸುತ್ತಿದ್ದವನು ಅವನು. ತನ್ನ ಕೈಯಿಂದಲೇ ಎಲ್ಲೋ ಸಿಡಿದಿರಬೇಕು ಎಂದು ರಾತ್ರಿಯೆಲ್ಲ ಯೋಚಿಸಿ ತೀರ್ಮಾನಿಸಿಕೊಂಡಿದ್ದ.

"ಸಾಸು ನಂದು, ಕೈನೂ ನಂದೇ. ಬರ್ಕೊಳಿ," ಎಂದ.

ಇನ್‌ಸ್ಪೆಕ್ಟರ್ ಬರೆದುಕೊಂಡ. ಬರ್ನಡೀನ್ ತೆರೆದ ಬಾಯಿ ಮುಚ್ಚಿದಳು. ಇವತ್ತು ಬೇಡ, ನಾಳೆ ಹೇಳಿದರಾಯಿತು ಎಂದುಕೊಂಡಳು.

ನಾಳೆ ಎಂಬುದು ಆರು ವಾರ ಎಳೆಯಿತು.

ಕೊರಿನ್ ಬದುಕಿದಳು. ಒಂಬತ್ತನೇ ದಿನ ಮನೆಗೆ ಬಂದಳು. ಆದರೆ ಅವಸರದಲ್ಲಿ ಇಳಿಸಿದ ಕೊಳವೆ ಗಂಟಲಿನ ದನಿಯ ತಂತುಗಳಿಗೆ ಗಾಯ ಮಾಡಿತ್ತು. ಮಾತೆಲ್ಲ ಉಸಿರಾಗಿ ಬರುತ್ತಿತ್ತು, ಒಣ ಎಲೆ ಉಜ್ಜಿದ ಹಾಗೆ. ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುವುದು ಅವಳ ಕೆಲಸ. ಭಾನುವಾರ ಚರ್ಚಿನ ಗಾಯನ ಮೇಳವನ್ನು ಎತ್ತಿ ಹಿಡಿಯುತ್ತಿದ್ದದ್ದೂ ಅವಳ ದನಿಯೇ. ಒಂದು ವರ್ಷ ಕಾದು ನೋಡೋಣ ಎಂದಿದ್ದರು ಡಾಕ್ಟರು. ಅವರ ಮಾತಿನಲ್ಲಿ ಭರವಸೆ ಇರಲಿಲ್ಲ ಎಂದು ಡೊಲೋರಿಸ್ ಹೇಳಿದಳು.

ಡೊಲೋರಿಸ್ ಮತ್ತು ಬರ್ನಡೀನ್ ಗೂಟ ಬೀಳಿಸುವ ಬೌಲಿಂಗ್ ಆಟದಲ್ಲಿ ಇಪ್ಪತ್ತಾರು ವರ್ಷದಿಂದ ಜೋಡಿ. ಪ್ರತಿ ಬುಧವಾರ ಮಧ್ಯಾಹ್ನ ಚೆಂಡು ಉರುಳಿಸಿ, ಕಾಫಿ ಕುಡಿದು, ಊರಿನ ಸುದ್ದಿಯನ್ನೆಲ್ಲ ಅಗಿದು ಏಳುವುದು ರೂಢಿ. ಕೊರಿನ್ ಮನೆಗೆ ಬಂದ ಮೇಲಿನ ಮೊದಲ ಬುಧವಾರ ಬರ್ನಡೀನ್ ಹೇಳಿಬಿಡಬೇಕೆಂದು ಎದೆ ಗಟ್ಟಿ ಮಾಡಿಕೊಂಡೇ ಹೋಗಿದ್ದಳು. ಡೊಲೋರಿಸ್ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ನಿನ್ ಮೇಲೆ ನಂಗೆ ಒಂಚೂರೂ ಸಿಟ್ಟಿಲ್ಲ ಕಣೇ," ಎಂದಳು. "ನೀನೇನ್ ಮಾಡ್ತೀಯ ಪಾಪ. ಆ ಹುಚ್ಚನ ಜೊತೆ ಹೆಂಗೆ ಏಗ್ತೀಯೋ ದೇವರಿಗೇ ಗೊತ್ತು. ಪಿಜ್ಜಾ ಅಂದ್ರೆ ಪಿಜ್ಜಾ ಥರ ಮಾಡಕ್ಕೇನಾಗಿತ್ತು ಅವ್ನಿಗೆ?"

ಗೆಳತಿಯ ಕೈ ಬೆಚ್ಚಗಿತ್ತು. ಅದನ್ನು ಬಿಡಿಸಿಕೊಳ್ಳುವುದು ಬರ್ನಡೀನ್‌ಳಿಂದ ಆಗಲಿಲ್ಲ. ಅವಳು ತಲೆಯಾಡಿಸಿದಳು. ಆ ತಲೆಯಾಡಿಸಿದ್ದೇ ಆಮೇಲೆ ಅವಳನ್ನು ಹೆಚ್ಚು ಸುಟ್ಟಿತು. ಬೋಗುಣಿಯದು ಅವಸರದಲ್ಲಿ ಆದದ್ದು. ಇದನ್ನು ಅವಳು ಕೂತು, ಯೋಚಿಸಿ, ಹಾಡಹಗಲಲ್ಲಿ ಮಾಡಿದ್ದಳು.

ಕ್ಯಾಸ್ ಹೂವು ಹಿಡಿದು ಆಸ್ಪತ್ರೆಗೆ ಹೋಗಿದ್ದ. ಡೊಲೋರಿಸ್ ಬಾಗಿಲಲ್ಲೇ ತಡೆದು ಕಳಿಸಿದ್ದಳು. ಕೊರಿನ್‌ಗೆ ಕಾಗದ ಬರೆದ, ಉತ್ತರ ಬರಲಿಲ್ಲ. ಮತ್ತೆ ಬರೆದ. ಚರ್ಚಿಗೆ ಹೋಗುವುದನ್ನು ಬಿಟ್ಟ. ಗಾಯನ ಮೇಳದಲ್ಲಿ ಅವಳು ನಿಲ್ಲುತ್ತಿದ್ದ ಜಾಗ ಖಾಲಿ ಕಾಣುತ್ತದೆ ಎಂದು ಅಕ್ಕನಿಗೆ ಹೇಳಿದ. ಒಂದು ಬೆಳಿಗ್ಗೆ ಬಂದವನೇ ಗೋಡೆಯ ಹಲಗೆಯ ಮೇಲಿದ್ದ ಪಿಜ್ಜಾಗಳ ಹೆಸರನ್ನೆಲ್ಲ ಒದ್ದೆ ಬಟ್ಟೆಯಿಂದ ಅಳಿಸಿದ. ಚೀಸ್, ಪೆಪ್ಪರೋನಿ ಎರಡೇ ಉಳಿದವು. ಬಂದ ಗಿರಾಕಿಗಳಲ್ಲಿ ಕೆಲವರು ಏನೂ ಹೇಳದೆ ಬೆನ್ನು ತಟ್ಟಿದರು. ಕೆಲವರ ನಾಲಿಗೆ ಸುಮ್ಮನಿರಲಿಲ್ಲ. ಚೀಸ್ ಪಿಜ್ಜಾದ ಡಬ್ಬಿ ತೆರೆದು ಮೂಸಿ, "ಇದ್ರೊಳಗೇನೂ ಬಚ್ಚಿಟ್ಟಿಲ್ಲ ತಾನೆ ಮಾರಾಯ?" ಎಂದು ಕೇಳಿದ ಒಬ್ಬ ಹಳೆಯ ಗಿರಾಕಿ. ಕ್ಯಾಸ್ ಇಲ್ಲ ಎಂದ. ಪ್ರಶ್ನೆ ನ್ಯಾಯವಾದದ್ದು ಎನ್ನುವ ಹಾಗೆ, ಗಂಭೀರವಾಗಿ ಇಲ್ಲ ಎಂದ.

ಬರ್ನಡೀನ್ ಅದನ್ನೆಲ್ಲ ಬಾಂಡಲೆಯ ಹಿಂದಿನಿಂದ ನೋಡಿದಳು. ಹೇಳಬೇಕು ಎಂದು ದಿನಕ್ಕೆ ಹತ್ತು ಸಲ ಅಂದುಕೊಂಡಳು. ಹೇಳದೆ ಇರಲು ದಿನಕ್ಕೆ ಹನ್ನೊಂದು ಕಾರಣ ಸಿಕ್ಕವು. ಅವನು ಹೇಗೂ ಒಪ್ಪಿಕೊಂಡಾಗಿದೆ. ಅವನ ತಪ್ಪನ್ನು ಜನ ಮರೆತುಬಿಡುತ್ತಾರೆ, ತನಗೆ ಡೊಲೋರಿಸ್ ಒಬ್ಬಳೇ ಇರುವುದು. ಕೊರಿನ್‌ಳ ದನಿಯಂತೂ ಯಾರು ಹೇಳಿದರೂ ಹಿಂದಕ್ಕೆ ಬರುವುದಿಲ್ಲ.

ಮಾರ್ಚ್ ತಿಂಗಳ ಒಂದು ಶುಕ್ರವಾರ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ್ದರಿಂದ ಮಾಂಸ ಮುಟ್ಟದ ಜನ ಕರಿದ ಮೀನಿಗಾಗಿ ಬಾಗಿಲ ತನಕ ನಿಂತಿದ್ದರು. ಬರ್ನಡೀನ್ ತಟ್ಟೆ ತರಲು ಹಿಂದಿನ ತೊಟ್ಟಿಯ ಹತ್ತಿರ ಹೋದಳು. ಕ್ಯಾಸ್ ಬೋಗುಣಿಯೊಂದನ್ನು ತೊಳೆಯುತ್ತಿದ್ದ. ಅದು ಹತ್ತು ನಿಮಿಷದ ಹಿಂದೆ ಅವಳೇ ತೊಳೆದಿಟ್ಟದ್ದು. ತೊಳೆದು, ಬೆಳಕಿಗೆ ಹಿಡಿದು ನೋಡಿ, ಮತ್ತೆ ನೀರಿಗಿಳಿಸಿದ. ಬಿಸಿನೀರು, ಸೋಪು, ಬ್ಲೀಚು ತಿಂದು ತಿಂದು ಅವನ ಬೆರಳ ಗೆಣ್ಣುಗಳೆಲ್ಲ ಬಿರಿದಿದ್ದವು. ನೊರೆಯಲ್ಲಿ ತಿಳಿಗೆಂಪು ಕಾಣಿಸಿತು. ಅವನಿಗೆ ನೋಯುತ್ತಿರುವ ಹಾಗೆ ಇರಲಿಲ್ಲ. ಬೋಗುಣಿಯನ್ನು ಮತ್ತೆ ಬೆಳಕಿಗೆ ಹಿಡಿದ.

"ಕ್ಯಾಸ್," ಎಂದಳು ಬರ್ನಡೀನ್. "ಆ ದಿನ ಕೊರಿನ್ ರೆಕ್ಕೆನ ನೀಲಿ ಬೋಗುಣಿಲಿ ಕಲಸಿದ್ದು ನಾನು."

ಅವನು ನಲ್ಲಿ ನಿಲ್ಲಿಸಿದ. "ನನ್ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಬರ್ನಿ."

ಅವಳು ಒಂದನ್ನೂ ಬಿಡದೆ ಹೇಳಿದಳು. ತೊಟ್ಟಿಯಲ್ಲಿದ್ದ ಗುಡ್ಡೆ, ಕೈಗೆ ಸಿಕ್ಕ ಬೋಗುಣಿ, ಒಂದು ಸುತ್ತು ಒರೆಸಿದ ಟಿಶ್ಯೂ, ಅದರ ಅಂಚಿಗೆ ಹತ್ತಿದ್ದ ಕಂದು ಬಣ್ಣ. ಹೇಳುತ್ತ ಹೋದಂತೆ ಅವನ ಮುಖ ಒಂದು ಗಳಿಗೆ ಹಗುರಾದದ್ದನ್ನು ಅವಳು ಕಂಡಳು. ಆಮೇಲೆ ಅದು ಮತ್ತೆ ಬಿಗಿದುಕೊಂಡಿತು.

"ಯಾವತ್ತಿಂದ ಗೊತ್ತು ನಿಂಗೆ?"

"ಸೋಮವಾರದಿಂದ."

"ಯಾವ ಸೋಮವಾರ?"

"ಮಾರನೇ ದಿನದ್ದೇ."

ಅವನು ಕೈ ಒರೆಸಿಕೊಂಡ. ಅಂಗಿಯ ಮೇಲಿನ ಏಪ್ರನ್ ಬಿಚ್ಚಿ ಮಡಚಿ ಮೇಜಿನ ಮೇಲಿಟ್ಟ. ಬೈಯುತ್ತಾನೆ ಎಂದು ಅವಳು ಕಾದಳು, ಬೈದಿದ್ದರೆ ಬದುಕುತ್ತಿದ್ದಳು. ಕೋಟು ಹಾಕಿಕೊಂಡು, ಮೀನಿಗೆ ನಿಂತ ಜನರ ನಡುವೆ ದಾರಿ ಮಾಡಿಕೊಂಡು ಅವನು ಹೊರಗೆ ಹೋದ. ಬರ್ನಡೀನ್ ಆ ಸಂಜೆ ಮೀನು, ಒಲೆ, ಫೋನು ಮೂರನ್ನೂ ಒಬ್ಬಳೇ ನೋಡಿದಳು. ಕ್ಯಾಸ್ ಎಲ್ಲಿ ಎಂದು ಕೇಳಿದವರಿಗೆಲ್ಲ ಗೊತ್ತಿಲ್ಲ ಎಂದಳು. ಅದು ನಿಜವಾಗಿತ್ತು.

ಮರುದಿನ ಮಧ್ಯಾಹ್ನ ಅವಳು ಡೊಲೋರಿಸಳ ಮನೆಗೆ ನಡೆದಳು. ಸರೋವರದ ಕಡೆಯಿಂದ ಬೀಸುವ ಗಾಳಿ ಹಳೆಯ ಹಿಮವನ್ನು ಮುಖಕ್ಕೆ ಎರಚುತ್ತಿತ್ತು. ಡೊಲೋರಿಸ್ ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಬಗ್ಗಿಸಿದಳು. ಕೊರಿನ್ ಕುತ್ತಿಗೆಗೆ ಉಣ್ಣೆ ಬಟ್ಟೆ ಸುತ್ತಿಕೊಂಡು ಎದುರಿಗೆ ಬಂದು ಕುಳಿತಳು. ಬರ್ನಡೀನ್ ಕಾಫಿ ಮುಟ್ಟದೆಯೇ ಎಲ್ಲ ಹೇಳಿದಳು, ಬೌಲಿಂಗ್ ಜಾಗದಲ್ಲಿ ತಲೆಯಾಡಿಸಿದ್ದನ್ನೂ ಸೇರಿಸಿ.

ಡೊಲೋರಿಸ್ ಎದ್ದು ಬಂದು, ಬರ್ನಡೀನ್ ಮುಂದಿದ್ದ ಲೋಟವನ್ನು ಎತ್ತಿಕೊಂಡು ಹೋಗಿ ಕಾಫಿಯನ್ನು ತೊಟ್ಟಿಗೆ ಸುರಿದಳು. ಅಲ್ಲೇ ಬೆನ್ನು ತಿರುಗಿಸಿ ನಿಂತಳು.

ಕೊರಿನ್ ಮುಂದಕ್ಕೆ ಬಾಗಿದಳು. ಅವಳ ಮಾತು ಕೇಳಿಸಬೇಕಾದರೆ ಎಲ್ಲರೂ ಉಸಿರು ಹಿಡಿಯಬೇಕಿತ್ತು.

"ಫೋನಲ್ಲಿ ನಾನ್ ಹೇಳಿದ್ದು ನೆನಪಿತ್ತಾ ಆಂಟಿ? ಕಡಲೆಕಾಯಿ ತಾಗ್ಬಾರ್ದು ಅಂತ?"

"ಇತ್ತು."

"ಮತ್ತೆ?"

"ಬೋಗುಣಿ ಯಾವ್ದೂ ಇರ್ಲಿಲ್ಲಮ್ಮ. ಒಂದು ತೊಳ್ಯೋಕೆ ಒಂದ್ ನಿಮಿಷ ಬೇಕಿತ್ತು."

"ಒಂದ್ ನಿಮಿಷ," ಎಂದಳು ಕೊರಿನ್. ಅದನ್ನು ತೂಗಿ ನೋಡುವವಳಂತೆ ಮೇಜನ್ನು ದಿಟ್ಟಿಸಿದಳು. ಆಮೇಲೆ, "ಕ್ಯಾಸ್ ನಂಗೆ ನಾಲ್ಕು ಕಾಗದ ಬರ್ದಿದ್ದಾರೆ. ಒಂದನ್ನೂ ಪೂರ್ತಿ ಓದಿಲ್ಲ ನಾನು," ಎಂದಳು. ಅವಳ ಕಣ್ಣಲ್ಲಿ ನೀರು ತುಂಬಿತು, ಸಿಟ್ಟೂ ಇತ್ತು. ಯಾವುದು ಯಾರ ಪಾಲಿನದು ಎಂದು ಬರ್ನಡೀನ್‌ಗೆ ತಿಳಿಯಲಿಲ್ಲ.

"ಇನ್ ಹೊರಡು ಬರ್ನಿ," ಎಂದಳು ಡೊಲೋರಿಸ್, ತಿರುಗದೆಯೇ.

ಸೋಮವಾರ ಬರ್ನಡೀನ್ ಬಸ್ಸು ಹಿಡಿದು ಕೌಂಟಿ ಕಚೇರಿಗೆ ಹೋಗಿ ಹೇಳಿಕೆ ಬರೆದುಕೊಟ್ಟಳು. ಹಳೆಯ ವರದಿ ತಿದ್ದಲಾಯಿತು. ಅಂಗಡಿ ಹದಿನೈದು ದಿನ ಮುಚ್ಚಬೇಕೆಂದೂ, ಇಬ್ಬರೂ ಅಡುಗೆಯ ಸುರಕ್ಷತೆಯ ತರಗತಿಯಲ್ಲಿ ಕೂರಬೇಕೆಂದೂ ಆಜ್ಞೆ ಬಂತು. ತರಗತಿಯಲ್ಲಿ ಕ್ಯಾಸ್ ಮೊದಲ ಸಾಲಿನಲ್ಲಿ ಕುಳಿತ, ಅವಳು ಕೊನೆಯ ಸಾಲಿನಲ್ಲಿ. ಸುದ್ದಿ ಊರಿಗೆಲ್ಲ ಹಬ್ಬಿತ್ತು. ಅಂಗಡಿ ಮತ್ತೆ ತೆರೆದ ದಿನ ಬಂದವರು ಕ್ಯಾಸ್‌ನ ಕೈ ಕುಲುಕಿದರು. ಬರ್ನಡೀನ್ ಫೋನ್ ಎತ್ತಿದರೆ ಕೆಲವರು ಕ್ಯಾಸ್‌ಗೇ ಕೊಡಿ ಎಂದರು. ಬೌಲಿಂಗ್‌ಗೆ ಡೊಲೋರಿಸ್ ಬೇರೆ ಜೋಡಿ ಹುಡುಕಿಕೊಂಡಳು. ಬರ್ನಡೀನ್ ಅಲ್ಲಿಟ್ಟಿದ್ದ ತನ್ನ ಆಟದ ಬೂಟುಗಳನ್ನು ಹೋಗಿ ತಂದಳು. ಕ್ಯಾಸ್ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದ. ಎಣ್ಣೆ ಕಾದಿದೆಯಾ, ಹಿಟ್ಟು ಬಂತಾ, ಅಷ್ಟೇ. ಅವಳು ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಆದರೆ ಎಷ್ಟೋ ವಾರಗಳ ಮೇಲೆ ಅವಳಿಗೆ ನಿದ್ದೆ ಬರತೊಡಗಿತ್ತು. ಅದೊಂದು ಅವಳಿಗೇ ನಾಚಿಕೆಯ ವಿಷಯವಾಗಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಕೊರಿನ್ ಒಬ್ಬಳೇ ಬಂದಳು. ಕಿಟಕಿಯ ಪಕ್ಕದ ಮೇಜಿಗೆ ಕ್ಯಾಸ್‌ನನ್ನು ಕರೆದು ಕೂರಿಸಿಕೊಂಡಳು. ಒಂದು ಗಂಟೆ ಕುಳಿತರು. ಒಳಗಿನಿಂದ ನೋಡುತ್ತಿದ್ದ ಬರ್ನಡೀನ್‌ಗೆ ಅವಳ ತುಟಿ ಆಡುವುದು ಕಾಣಿಸುತ್ತಿತ್ತು, ಒಂದು ಅಕ್ಷರವೂ ಕೇಳಿಸುತ್ತಿರಲಿಲ್ಲ. ಒಮ್ಮೆ ಕ್ಯಾಸ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಕೊರಿನ್ ಅವನ ಭುಜದ ಮೇಲೆ ಕೈಯಿಟ್ಟಳು.

ಹೊರಡುವಾಗ ಅವಳು ಅಡುಗೆಮನೆಯ ಬಾಗಿಲ ತನಕ ಬಂದು ನಿಂತಳು.

"ನಿಮ್ಮನ್ನ ಕ್ಷಮಿಸಿದೀನೋ ಇಲ್ವೋ ನಂಗೇ ಗೊತ್ತಿಲ್ಲ ಆಂಟಿ. ಕೇಳ್ಬೇಡಿ."

"ಕೇಳಲ್ಲಮ್ಮ," ಎಂದಳು ಬರ್ನಡೀನ್.

ಕೊರಿನ್ ತಲೆಯಾಡಿಸಿ ಹೊರಟುಹೋದಳು. ಕ್ಯಾಸ್ ಒಳಗೆ ಬಂದು ಹಿಟ್ಟಿನ ಮುಂದೆ ನಿಂತ. ಬಹಳ ಹೊತ್ತಿನ ಮೇಲೆ, ಹಿಟ್ಟಿನಿಂದ ಕಣ್ಣೆತ್ತದೆ ಹೇಳಿದ: ಹಾಡಿನ ತರಗತಿಯನ್ನು ಬೇರೆಯವರಿಗೆ ಕೊಟ್ಟರಂತೆ, ಸೆಪ್ಟೆಂಬರ್‌ನಿಂದ ಕೊರಿನ್ ಶಾಲೆಯ ಗ್ರಂಥಾಲಯದಲ್ಲಿ ಕೂರುತ್ತಾಳಂತೆ. ಅಲ್ಲಿ ಹೇಗೂ ಎಲ್ಲರೂ ಪಿಸುಮಾತಲ್ಲೇ ಮಾತಾಡಬೇಕಲ್ಲ ಎಂದು ಅವಳೇ ತಮಾಷೆ ಮಾಡಿದಳಂತೆ.

ಬರ್ನಡೀನ್ ನಿಜ ಹೇಳಿದ ಮೇಲಿನ ಎರಡು ತಿಂಗಳಲ್ಲಿ ಅವನು ಅಕ್ಕನಿಗೆ ಕೆಲಸದ್ದಲ್ಲದ ಮಾತು ಹೇಳಿದ್ದು ಅದೇ ಮೊದಲು. ಬರ್ನಡೀನ್ ಇನ್ನಷ್ಟು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಅವಳು ಎಣ್ಣೆಯ ಕೆಳಗೆ ಉರಿ ಹಚ್ಚಿದಳು. ಇಬ್ಬರೂ ಸಂಜೆಯ ಗಿರಾಕಿಗಳಿಗಾಗಿ ತಯಾರಿ ಶುರುಮಾಡಿದರು.