ಶಿಫಾಳ ಎಡಗಣ್ಣು

ಗಲ್ಫಿನಿಂದ ಫೋನ್ ಬಂದಾಗ ಕುಂಬ್ರದ ನಮ್ಮ ಮನೆಗಳಲ್ಲಿ ಯಾರಿಗೂ ಜ್ವರ ಇರುವುದಿಲ್ಲ, ಮಾಡು ಸೋರುವುದಿಲ್ಲ, ಅತ್ತೆ ಸೊಸೆ ಜಗಳ ಆಡುವುದಿಲ್ಲ. ದೂರದಲ್ಲಿ ದುಡಿಯುವವನ ತಲೆ ಬಿಸಿ ಮಾಡಬಾರದು ಎಂಬುದು ನಮ್ಮ ತಾಯಿ, ಉಮ್ಮ ಜೈನಬಮ್ಮನ ಕಾನೂನು. ನನ್ನ ತಮ್ಮ ಸಮದ್ ದಮಾಮಿಗೆ ಹೋದಾಗ ಅವನ ಮಗಳು ಆಯಿಶತ್ ಶಿಫಾ ತೊಟ್ಟಿಲಲ್ಲಿದ್ದಳು. ಈಗ ಅವಳಿಗೆ ಮೂರು ವರ್ಷ. ಅವಳ ಪಾಲಿಗೆ ಉಪ್ಪ ಎಂದರೆ ಫೋನಿನೊಳಗಿನ ಅಂಗೈಯಗಲದ ಮುಖ.

ಒಂದು ಬೆಳಿಗ್ಗೆ ಶಿಫಾ ಅಂಗಳ ಗುಡಿಸುವ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದುಕೊಂಡು ಅಂಗಳದಲ್ಲಿ ಓಡುತ್ತಾ ಬಿದ್ದಳು. ಕಡ್ಡಿ ಎಡಗಣ್ಣಿನ ರೆಪ್ಪೆಗೆ, ಮೂಗಿನ ಹತ್ತಿರ, ಚುಚ್ಚಿತು. ಉಮ್ಮ ಅದನ್ನು ಎಳೆದು ತೆಗೆದು ಒಲೆಗೆ ಬಿಸಾಡಿದರು. ಗಾಯ ಸೊಳ್ಳೆ ಕಚ್ಚಿದಷ್ಟು. ಕಣ್ಣೂ ಕಾಣುತ್ತಿತ್ತು.

ಮರುದಿನ ರೆಪ್ಪೆ ಊದಿತು.

"ಸಮದನಿಗೆ ಹೇಳ್ಬೇಡ, ಊಟ ಬಿಟ್ಟು ಕೂತ್ಕೊಳ್ತಾನೆ," ಎಂದರು ಉಮ್ಮ. ಸಂಜೆ ಫೋನ್ ಬಂದಾಗ ಅವನ ಹೆಂಡತಿ ಮುಬೀನಾ ಮಗುವಿನ ಬಲಗೆನ್ನೆ ಮಾತ್ರ ಕಾಣುವ ಹಾಗೆ ಹಿಡಿದಳು. ಮಾರನೆಯ ಸಂಜೆಯೂ ಅಷ್ಟೆ. ಆಸ್ಪತ್ರೆಗೆ ಹೋಗುವ ಎಂದು ನಾನು ಬಾಯಿ ಬಡಿದುಕೊಂಡೆ. ಗಂಡನನ್ನು ಕೇಳದೆ ಹೋಗುವುದು ಹೇಗೆ ಎಂದಳು ಮುಬೀನಾ. ಕೇಳಿದರೆ ಹೇಳಿದ ಹಾಗಾಯಿತಲ್ಲ! ಇಬ್ಬರ ಮೇಲೂ ನನಗೆ ಸಿಟ್ಟು ನೆತ್ತಿಗೇರಿತ್ತು.

"ಇಡೀ ಮುಖ ತೋರ್ಸು ಮಾರಾಯ್ತಿ," ಎಂದ ಸಮದ್, ಮೂರನೆಯ ಸಂಜೆ ಫೋನಿನಲ್ಲಿ. "ನಾನು ಎಂತ, ಅರ್ಧ ಮಗುವಿನ ಉಪ್ಪನಾ?"

ಮುಬೀನಾ ಅತ್ತುಬಿಟ್ಟಳು. ಫೋನ್ ತಿರುಗಿಸಿದಳು. ಮಗುವಿನ ಕಣ್ಣುಗುಡ್ಡೆ ಮುಂದಕ್ಕೆ ಬಂದಿತ್ತು.

"ಈಗಲೇ ಹೊರಡಿ," ಎಂದಷ್ಟೇ ಹೇಳಿದ.

ಪುತ್ತೂರಿನ ಡಾಕ್ಟರು ಕೇಳಿದ್ದು ಒಂದೇ. "ಕಡ್ಡಿ ಪೂರ್ತಿ ಬಂದಿತ್ತಾ?" ಉಮ್ಮ ತಲೆ ತಗ್ಗಿಸಿದರು. ಒಲೆಯಲ್ಲಿ ಬೂದಿಯಾದದ್ದನ್ನು ಅಳೆಯುವುದು ಹೇಗೆ? ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿದಾಗ ಗೊತ್ತಾಯಿತು, ಅರ್ಧ ಬೆರಳುದ್ದದ ತುಂಡು ಕಣ್ಣಿನ ಗುಳಿಯೊಳಗೆ, ಮೆದುಳಿನ ಹತ್ತಿರದವರೆಗೆ ಹೋಗಿ ಕೂತಿತ್ತು. ಆಪರೇಷನ್ ಆಯಿತು. ಜೀವಕ್ಕೆ ತೊಂದರೆ ಇಲ್ಲ, ದೃಷ್ಟಿಯ ಬಗ್ಗೆ ಕಟ್ಟು ಬಿಚ್ಚದೆ ಹೇಳಲಿಕ್ಕೆ ಆಗುವುದಿಲ್ಲ ಎಂದರು. ಮುಬೀನಾ ಒಂದೇ ಮಾತು ಹೇಳುತ್ತಿದ್ದಳು, "ಅವರೊಮ್ಮೆ ಬಂದ್ರೆ ಸಾಕಿತ್ತು."

ಕಟ್ಟು ಬಿಚ್ಚುವ ದಿನ ಸಮದ್ ವಿಮಾನದಿಂದಿಳಿದು ನೇರ ಆಸ್ಪತ್ರೆಗೆ ಬಂದ. ಹೆಗಲಲ್ಲಿ ಬ್ಯಾಗು, ಮುಖದಲ್ಲಿ ನಿದ್ದೆಗೆಟ್ಟ ಗಡ್ಡ. ಬಾಗಿಲಲ್ಲೇ ನಿಂತ. ಡಾಕ್ಟರು ಶಿಫಾಳ ಬಲಗಣ್ಣು ಮುಚ್ಚಿ, ಎಡಗಣ್ಣಿನಲ್ಲಿ ನೋಡಲು ಹೇಳಿದರು.

"ಬಾಗಿಲಲ್ಲಿ ಯಾರು ಮಗಾ?"

ಶಿಫಾ ತುಂಬ ಹೊತ್ತು ನೋಡಿದಳು. "ಗೊತ್ತಿಲ್ಲ."

"ಯಾ ಅಲ್ಲಾ, ಕಣ್ಣು ಹೋಯ್ತು!" ಮುಬೀನಾ ಗೋಡೆಗೊರಗಿದಳು.

ಡಾಕ್ಟರು ಕೈ ತೆಗೆಯಲಿಲ್ಲ. "ಅಂಗಿ ಯಾವ ಬಣ್ಣ?"

"ನೀಲಿ," ಎಂದಳು ಶಿಫಾ. "ಆ ಅಂಕಲಿಗೆ ಗಡ್ಡ ಉಂಟು. ಅಳ್ತಾ ಇದ್ದಾರೆ."

"ಕಣ್ಣು ಚೆನ್ನಾಗಿ ಕಾಣ್ತಾ ಉಂಟು!" ಡಾಕ್ಟರು ನಕ್ಕರು. ಸಮದನೂ ನಕ್ಕ, ಅಲ್‌ಹಮ್ದುಲಿಲ್ಲಾಹ್ ಎಂದ. ಮಗಳನ್ನು ಎತ್ತಿಕೊಳ್ಳಲು ಚಾಚಿದ್ದ ಎರಡು ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.