ಅಜ್ಜಿಯ ಜೇಬಿನ ಶುಂಠಿ ಬಿಸ್ಕತ್ತು

ಮಕ್ಕಳ ಕೆಲಸಕ್ಕೆ ದೊಡ್ಡವರು ಕೈ ಹಾಕಬಾರದು ಎಂದು ಮೂವತ್ತೊಂದು ವರ್ಷ ಗಂಟಲು ಹರಿದುಕೊಂಡವಳು ನಾನು. ನಮ್ಮ ಪ್ಲಮ್ ಕ್ರೀಕ್ ಊರಿನಲ್ಲಿ ಮಕ್ಕಳಿಗೆ ದನ ಸಾಕುವುದು, ಹೊಲಿಗೆ, ಮರಗೆಲಸ ಕಲಿಸುವ ಫೋರ್-ಎಚ್ ಕ್ಲಬ್ಬಿಗೆ ನಾನೇ ಮುಖ್ಯಸ್ಥೆ. ಮಕ್ಕಳು ತಮ್ಮ ಕೆಲಸ ತಂದು ಬಹುಮಾನಕ್ಕೆ ಇಡುವ ಕೌಂಟಿ ಮೇಳ ಹತ್ತಿರ ಬಂತೆಂದರೆ ಅಪ್ಪ ಅಮ್ಮಂದಿರ ಕೈ ತುರಿಸಲು ಶುರುವಾಗುತ್ತದೆ. ಒಂಬತ್ತು ವರ್ಷದ ಹುಡುಗ ತಂದ ಮರದ ಹಕ್ಕಿಗೂಡು ಪಳಗಿದ ಬಡಗಿಯ ಕೆಲಸದ ಹಾಗೆ ಕಂಡರೆ ಅದನ್ನು ಅವನಪ್ಪನ ಕೈಗೇ ವಾಪಸು ಕೊಟ್ಟು ಕಳಿಸಿದ್ದೂ ಉಂಟು. ಅಂಥ ನಾನು ಈ ಬೇಸಿಗೆಯಲ್ಲಿ ಮಾಡಿದ ಘನಕಾರ್ಯವನ್ನು ನೀವು ನನ್ನ ಬಾಯಿಂದಲೇ ಕೇಳುವುದು ಒಳ್ಳೆಯದು. ನನ್ನ ಗೆಳತಿ ಆರ್ಡಿಸ್ ಹೇಳಿದರೆ ಅದಕ್ಕೆ ಕೊಂಬು, ಬಾಲ ಎರಡೂ ಬಂದಿರುತ್ತವೆ.

ಸಿಗ್ರಿಡ್ ನನ್ನ ಮಗನ ಮಗಳು. ಹದಿನಾಲ್ಕು ವರ್ಷ. ಅವರ ಮನೆ, ನನ್ನ ಮನೆ ಎರಡಕ್ಕೂ ಒಂದೇ ಅಂಗಳ, ಒಂದೇ ಕೊಟ್ಟಿಗೆ. ಆ ಕೊಟ್ಟಿಗೆಯಲ್ಲಿ ಅವಳ ಜರ್ಸಿ ಕಡಸು ಪೆಟೂನಿಯಾ ಇದೆ. ಮೇಳದಲ್ಲಿ ದನದ ಅಂದಚೆಂದಕ್ಕೆ ಬೇರೆ ಬಹುಮಾನ ಇದೆ. ಸಿಗ್ರಿಡ್‌ಗೆ ಬೇಕಾಗಿದ್ದದ್ದು ಅದಲ್ಲ. ದನವನ್ನು ಹಿಡಿದು ನಡೆಸುವ ಕೌಶಲಕ್ಕೆ ಕೊಡುವ ನೇರಳೆ ರಿಬ್ಬನ್ನು ಅವಳಿಗೆ ಬೇಕಿತ್ತು. ಅದು ಸಿಕ್ಕವರು ರಾಜ್ಯ ಮೇಳಕ್ಕೆ ಹೋಗುತ್ತಾರೆ, ನಮ್ಮ ಕೌಂಟಿಯಿಂದ ಒಬ್ಬರೇ. ಎರಡು ವರ್ಷ ಸತತವಾಗಿ ಅವಳು ಟೇಟ್ ಬ್ರನರ್ ಎಂಬ ಹುಡುಗನೆದುರು ಸೋತು ಎರಡನೆಯವಳಾಗಿದ್ದಳು. ಈ ಸಲ ಜನವರಿಯ ಹಿಮದಲ್ಲೇ ಶುರು ಮಾಡಿದಳು. ಎರಡು ಬೆರಳಿನಿಂದ ಭುಜ ಮುಟ್ಟಿದರೆ ನಡೆಯಬೇಕು, ಅಂಗೈ ಎತ್ತಿದರೆ ನಾಲ್ಕೂ ಕಾಲು ಸರಿಯಾಗಿ ಊರಿ ನಿಲ್ಲಬೇಕು. ಇಷ್ಟನ್ನು ಕಲಿಸಲು ಆ ಹುಡುಗಿ ಏಳು ತಿಂಗಳು ತಗೊಂಡಳು. ಒಂದು ದಿನವೂ ದನಿ ಎತ್ತಲಿಲ್ಲ. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಜುಲೈ ಬಂದಾಗ ಅವಳು ಬೀಜದ ಮೆಕ್ಕೆಜೋಳದ ಹೊಲದಲ್ಲಿ ಸೂಲಂಗಿ, ಅಂದರೆ ತುದಿಯ ಗಂಡುಹೂ, ಕೀಳುವ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಐದೂವರೆಗೆ ಬಸ್ಸು ಬಂದು ಕರೆದುಕೊಂಡು ಹೋಗುತ್ತಿತ್ತು. ಪೆಟೂನಿಯಾಳ ಜೊತೆ ನಡಿಗೆ ಏನಿದ್ದರೂ ಸಂಜೆಗೆ. ಬೆಳಗಿನ ಹೊತ್ತು ನೀರಿದೆಯೋ ಇಲ್ಲವೋ ನೋಡಲು ನಾನು ಕೊಟ್ಟಿಗೆಗೆ ಹೋಗುತ್ತಿದ್ದೆ. ಮೊದಲ ದಿನ ನೀರು ನೋಡಿದೆ. ಎರಡನೆಯ ದಿನ ಮೊಳೆಗೆ ನೇತುಹಾಕಿದ್ದ ಹಗ್ಗವನ್ನೂ ನೋಡಿದೆ.

ನಾನು ಹುಡುಗಿಯಾಗಿದ್ದಾಗ ಕ್ಲಬ್ಬಿನಲ್ಲಿ ಗಂಡುಹುಡುಗರಿಗೆ ಕರು, ಹೆಣ್ಣುಮಕ್ಕಳಿಗೆ ಹೊಲಿಗೆ. ಒಂಬತ್ತು ಮೇಳಕ್ಕೆ ಒಂಬತ್ತು ಏಪ್ರನ್ ಹೊಲಿದೆ. ನಾನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಕರುವನ್ನು ನನ್ನ ಅಣ್ಣ ಲೈಲ್ ಬಿಳಿ ಪ್ಯಾಂಟು ಹಾಕಿಕೊಂಡು ಕಣದಲ್ಲಿ ನಡೆಸಿದ. ನಾನು ಬೇಲಿಯಾಚೆ ನಿಂತು ಚಪ್ಪಾಳೆ ತಟ್ಟಿದೆ. ಆ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ ಎಂದು ಗೊತ್ತಾಗಿದ್ದು ಪೆಟೂನಿಯಾಳ ಹಗ್ಗ ಕೈಗೆ ಬಂದಾಗಲೇ. ಅಂಗಳದಲ್ಲಿ ಒಂದೇ ಒಂದು ಸುತ್ತು ಹೊಡೆಯೋಣ ಎಂದುಕೊಂಡೆ. ಅರ್ಧ ಸುತ್ತಿಗೆ ಅವಳು ನಿಂತುಬಿಟ್ಟಳು. ನನ್ನ ಹಸಿರು ಮೇಲಂಗಿಯ ಜೇಬಿನಲ್ಲಿ ಕಾಫಿ ಜೊತೆಗೆಂದು ಇಟ್ಟುಕೊಂಡಿದ್ದ ಶುಂಠಿ ಬಿಸ್ಕತ್ತಿತ್ತು. ಅರ್ಧ ಮುರಿದು ಕೊಟ್ಟೆ. ಆಮೇಲೆ ಅವಳು ನನ್ನ ಹಿಂದೆ ಹಿಂದೆಯೇ ಬಂದಳು. ನನ್ನ ಕೈಗುಣ ನೋಡಿ ನನಗೇ ಹೆಮ್ಮೆಯಾಯಿತು.

ಹೀಗೆ ಮೇಳದವರೆಗೆ ಮೂರು ವಾರ ನಡೆಯಿತು.

ಅದರ ನಡುವೆ ಒಂದು ಸಂಜೆ ಸಿಗ್ರಿಡ್ ಮುಖ ಸಣ್ಣದು ಮಾಡಿಕೊಂಡು ನನ್ನ ಅಡುಗೆಮನೆಗೆ ಬಂದಳು. "ಅಜ್ಜಿ, ಪೆಟೂನಿಯಾಗೆ ಏನೋ ಆಗಿದೆ ಕಣೆ. ನಡೀತಾ ನಡೀತಾ ಮೂತಿ ತಂದು ನನ್ನ ಸೊಂಟಕ್ಕೆ ತಿವೀತಾಳೆ. ಮೊದಲು ಹಿಂಗೆ ಮಾಡ್ತಿರಲಿಲ್ಲ."

ಆಗಲೇ ಬಾಯಿ ಬಿಡಬೇಕಿತ್ತು. "ನೊಣ ಇರಬೇಕು. ಈ ವರ್ಷ ನೊಣ ಜಾಸ್ತಿ" ಎಂದುಬಿಟ್ಟೆ.

"ನೊಣಕ್ಕೆ ಸೊಂಟ ಯಾಕೆ ತಿವೀಬೇಕು?"

"ದನದ ಬುದ್ಧಿ ನಂಗೇನು ಗೊತ್ತು? ಬಾ, ಕೇಕ್ ತಿನ್ನು."

ಪಾಪದ ಹುಡುಗಿ ಸಂಜೆಯ ಅಭ್ಯಾಸವನ್ನು ಎರಡರಷ್ಟು ಮಾಡಿದಳು. ಇನ್ನು ಸಾಕು ಎಂದು ನಾನೂ ನಿರ್ಧಾರ ಮಾಡಿದೆ. ಮರುದಿನ ಬೆಳಿಗ್ಗೆ ನನ್ನ ಬೂಟಿನ ಸದ್ದು ಕೇಳಿ ಪೆಟೂನಿಯಾ ಅಂಬಾ ಎಂದಳು. ನನ್ನ ನಿರ್ಧಾರ ಅಲ್ಲಿಗೆ ಮುಗಿಯಿತು.

ಮೇಳದ ವಾರ ಕ್ಲಬ್ಬಿನ ಮಕ್ಕಳೆಲ್ಲ ಸೇರಿ ಮೇಳದ ಮೈದಾನದ ಕೊಟ್ಟಿಗೆ ಸಾಲಿಗೆ ಹುಲ್ಲು ಹಾಸಿದರು, ಹಲಗೆಗೆ ಬಣ್ಣ ಬಳಿದರು, ಒಬ್ಬರಿಗೊಬ್ಬರು ಬಳಿದುಕೊಂಡದ್ದೇ ಹೆಚ್ಚು. ಸಿಗ್ರಿಡ್ ಪಾತ್ರೆ ತೊಳೆಯುವ ಸೋಪಿನಲ್ಲಿ ಪೆಟೂನಿಯಾಳನ್ನು ಎರಡು ಸಲ ಮೀಯಿಸಿ, ಮೈ ಕೂದಲು ಕತ್ತರಿಸಿ, ಬಾಲದ ತುದಿಯನ್ನು ಬಾಚಿ ಉಬ್ಬಿಸಿದಳು. ತನ್ನ ತಲೆ ಬಾಚಿಕೊಳ್ಳಲು ಮಾತ್ರ ಅವಳ ಅಮ್ಮ ಮೂರು ಸಲ ಕೂಗಬೇಕಾಯಿತು.

ಸ್ಪರ್ಧೆಯ ದಿನ ನಾನು ಮುಂದಿನ ಸಾಲಿನಲ್ಲಿ, ಕಣದ ಕಂಬಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತಿದ್ದೆ. ಪಕ್ಕದಲ್ಲಿ ಆರ್ಡಿಸ್. ನಲವತ್ತು ವರ್ಷದಿಂದ ಗೆಳತಿ, ಮೇಳದಲ್ಲಿ ಹಾಕಿದ್ದ ಹಣ್ಣಿನ ಪೈ ಅಂಗಡಿ ಬಿಟ್ಟು ಬಂದಿದ್ದಳು. ಬಿಳಿ ಅಂಗಿ ಬಿಳಿ ಪ್ಯಾಂಟಿನ ಎಂಟು ಮಕ್ಕಳು ದನಗಳತ್ತ ಮುಖ ಮಾಡಿ, ಹಿಂದಕ್ಕೆ ಹೆಜ್ಜೆ ಇಡುತ್ತ ಕಣಕ್ಕೆ ಬಂದರು. ಪಕ್ಕದ ಕೌಂಟಿಯಿಂದ ಬಂದಿದ್ದ ತೀರ್ಪುಗಾರ್ತಿ ಒಬ್ಬೊಬ್ಬರನ್ನೇ ಆಚೆ ಕಳಿಸುತ್ತ ಬಂದು ಕೊನೆಗೆ ಇಬ್ಬರನ್ನು ಉಳಿಸಿಕೊಂಡಳು. ಟೇಟ್ ಮತ್ತು ನಮ್ಮ ಸಿಗ್ರಿಡ್.

"ಈ ಸಲ ನಿಮ್ಮವಳದ್ದೇ ಕಣೇ ಮಾರ್ಲಿಸ್" ಎಂದು ಆರ್ಡಿಸ್ ನನ್ನ ತೊಡೆ ಚಿವುಟಿದಳು. ನಿಜಕ್ಕೂ ಹಾಗೇ ಇತ್ತು. ಟೇಟನ ಹಸು ಎರಡು ಸಲ ತಲೆ ಕೊಡವಿತ್ತು. ಪೆಟೂನಿಯಾ ಸಿಗ್ರಿಡ್‌ಳ ಬೆರಳನ್ನೇ ನೋಡುತ್ತ ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದಳು. ಕೊನೆಯ ಸುತ್ತು. ಅವರು ನಮ್ಮ ಮುಂದೆ ಬಂದರು. ಪೆಟೂನಿಯಾಳ ಮೂಗು ಮೇಲೆದ್ದಿತು.

ನನ್ನ ಮೈಮೇಲೆ ಅದೇ ಹಸಿರು ಮೇಲಂಗಿ ಇತ್ತು.

ಮುನ್ನೂರು ಕಿಲೋದ ಕಡಸು ಹಗ್ಗವನ್ನೂ ಹುಡುಗಿಯನ್ನೂ ಎಳೆದುಕೊಂಡು ನೇರ ನನ್ನತ್ತ ಬಂತು. ಕಂಬಿಯ ಸಂದಿನಲ್ಲಿ ತಲೆ ತೂರಿಸಿ, ನನ್ನ ಜೇಬಿನೊಳಗೆ ಮೂತಿಯಿಟ್ಟು, ಇದ್ದ ಎರಡೂ ಬಿಸ್ಕತ್ತನ್ನು ಕಟಕಟ ಅಗಿದು ತಿಂದಿತು. ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ತೀರ್ಪುಗಾರ್ತಿ ಹತ್ತಿರ ಬಂದು, "ಇವರು ಯಾರಮ್ಮ?" ಎಂದು ಸಿಗ್ರಿಡ್‌ಳನ್ನು ಕೇಳಿದಳು.

"ನಮ್ಮಜ್ಜಿ" ಎಂದಳು ಸಿಗ್ರಿಡ್. ಅವಳು ಪೆಟೂನಿಯಾಳ ಮೂತಿಗೆ ಮೆತ್ತಿದ್ದ ಪುಡಿಯನ್ನು ನೋಡಿದಳು, ನನ್ನ ಜೇಬನ್ನು ನೋಡಿದಳು, ಆಮೇಲೆ ನನ್ನನ್ನು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ. ಅವಳು ತುಟಿ ಬಿಗಿಹಿಡಿದು, ಕಡಸಿನ ತಲೆ ತಿರುಗಿಸಿ, ಸುತ್ತು ಮುಗಿಸಿದಳು. ನೇರಳೆ ರಿಬ್ಬನ್ನು ಟೇಟನಿಗೆ ಹೋಯಿತು. ರಾಜ್ಯ ಮೇಳಕ್ಕೂ ಅವನೇ.

ಮೇಳದ ಕೊಟ್ಟಿಗೆಯಲ್ಲಿ ಅವಳು ನನಗೆ ಬೆನ್ನು ಹಾಕಿ ಪೆಟೂನಿಯಾಳ ಮೈ ಉಜ್ಜುತ್ತಿದ್ದಳು. ನಾನು ಹುಲ್ಲಿನ ಪಿಂಡಿಯ ಮೇಲೆ ಕುಳಿತೆ.

"ಎಷ್ಟು ದಿನದಿಂದ?" ಎಂದು ಕೇಳಿದಳು.

"ಮೂರು ವಾರ. ನೀನು ಬಸ್ ಹತ್ತಿ ಹೋದ್ಮೇಲೆ ಅಂಗಳದಲ್ಲಿ ನಡೆಸ್ತಿದ್ದೆ."

"ದಿನಕ್ಕೆಷ್ಟು ಬಿಸ್ಕತ್ತು?"

"ಒಂದು." ಅವಳು ತಿರುಗಿ ನೋಡಿದಳು. "ನಾಲ್ಕು" ಎಂದೆ.

"ನೊಣ ಅಂದ್ಯಲ್ಲಜ್ಜಿ. ನನ್ನ ಕೈಯಲ್ಲೇ ಏನೋ ತಪ್ಪಿದೆ ಅಂದ್ಕೊಂಡು ಎಷ್ಟು ಒದ್ದಾಡಿದೆ ಗೊತ್ತಾ ನಾನು?"

ಅವಳು ಕಿರುಚಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ ಹೇಳಿದಳು. ನನ್ನ ಕಣ್ಣಲ್ಲಿ ನೀರು ಬಂತು. "ಹೋಗಿ ತೀರ್ಪುಗಾರ್ತಿ ಹತ್ರ ಎಲ್ಲಾ ಹೇಳ್ತೀನಿ" ಎಂದು ಎದ್ದೆ.

"ಬೇಡ, ಕೂತ್ಕೋ. ಟೇಟ್ ಚೆನ್ನಾಗೇ ಮಾಡಿದ. ಅವನ ರಿಬ್ಬನ್ ಕಿತ್ಕೊಂಡು ನಾನೇನು ಮಾಡ್ಲಿ?"

"ನಾನು ಚಿಕ್ಕವಳಿದ್ದಾಗ ಲೈಲ್..." ಎಂದು ಶುರು ಮಾಡಿದೆ.

"ಲೈಲ್ ಅಜ್ಜನ ಕರು, ನಿನ್ನ ಒಂಬತ್ತು ಏಪ್ರನ್. ನೂರು ಸಲ ಕೇಳಿದೀನಿ." ಅವಳು ಬ್ರಷ್ಷನ್ನು ಬಕೆಟ್ಟಿಗೆ ಎಸೆದಳು. "ಒಂದು ಮಾತು ಕೇಳಿದ್ರೆ ನಾನೇ ನಿನ್ನ ಕೈಗೆ ಹಗ್ಗ ಕೊಡ್ತಿದ್ನಲ್ಲಜ್ಜಿ. ಯಾಕೆ ಕೇಳಲಿಲ್ಲ?"

ಕೇಳಬಹುದು ಎಂಬುದೇ ಈ ಎಪ್ಪತ್ತೆರಡು ವರ್ಷದ ತಲೆಗೆ ಹೊಳೆದಿರಲಿಲ್ಲ.

ಅವಳು ಎಲ್ಲಿಗೋ ಹೊರಟುಹೋದಳು. ಇನ್ನು ಮಾತೇ ಆಡುವುದಿಲ್ಲವೇನೋ ಎಂದುಕೊಂಡೆ. ಕಾಲು ಗಂಟೆಗೆ ತನ್ನ ಅಮ್ಮನ ಬಿಳಿ ಅಂಗಿ, ಎದೆಗೆ ಸಿಕ್ಕಿಸುವ ನಂಬರಿನ ಚೀಟಿ ಹಿಡಿದು ವಾಪಸು ಬಂದಳು. ಮಧ್ಯಾಹ್ನ ಮೂರು ಗಂಟೆಗೆ ಅಪ್ಪ ಅಮ್ಮ, ಅಜ್ಜ ಅಜ್ಜಿಯರು ದನ ನಡೆಸುವ ಒಂದು ಸುತ್ತು ಇರುತ್ತದೆ. ಸುಮ್ಮನೆ ನಗುವುದಕ್ಕೆ ಇಟ್ಟದ್ದು. ಮೂವತ್ತೊಂದು ವರ್ಷ ಅದರ ಪಟ್ಟಿ ಬರೆದವಳು ನಾನೇ. ನನ್ನ ಹೆಸರನ್ನು ಒಮ್ಮೆಯೂ ಬರೆದಿರಲಿಲ್ಲ.

"ನಿನ್ನ ಪಟ್ಟಿಯಲ್ಲಿ ನಿನ್ನ ಹೆಸರು ನಾನೇ ಬರೆದು ಬಂದಿದೀನಿ" ಎಂದಳು. "ಇದೇ ನಿಂಗೆ ಶಿಕ್ಷೆ. ಆ ಮೇಲಂಗಿ ತೆಗಿ. ಪ್ಯಾಂಟಿನ ಜೇಬು ತೋರ್ಸು."

ಜೇಬುಗಳನ್ನು ಹೊರಗೆಳೆದು ತೋರಿಸಿದೆ.

ಮೂರು ಗಂಟೆಗೆ ನಾನು ಬಿಳಿ ಅಂಗಿ ಹಾಕಿಕೊಂಡು ಕಣದೊಳಗೆ ಕಾಲಿಟ್ಟೆ. ಮರದ ಹೊಟ್ಟಿನ ಮೇಲೆ ಹಿಂದಕ್ಕೆ ನಡೆಯುವುದು ಅಷ್ಟು ಕಷ್ಟ ಎಂದು ಯಾರಿಗೆ ಗೊತ್ತಿತ್ತು! ಹತ್ತು ಹೆಜ್ಜೆಗೆ ಪೆಟೂನಿಯಾ ನನ್ನ ಸೊಂಟ ಮೂಸಿದಳು. ಏನೂ ಸಿಗಲಿಲ್ಲ. ಇನ್ನೊಂದು ಪಕ್ಕ ಮೂಸಿದಳು. ಅಲ್ಲೂ ಇಲ್ಲ. ಮೋಸ ಹೋದವಳ ಹಾಗೆ ನನ್ನನ್ನು ನೋಡಿ, ಕಾಲೂರಿ ನಿಂತುಬಿಟ್ಟಳು. ಹಗ್ಗ ಜಗ್ಗಿದೆ, ಗದರಿದೆ, ಕಿವಿಯಲ್ಲಿ ಮುದ್ದು ಮಾತಾಡಿದೆ. ಊಹೂಂ.

"ಲೇ ಮಾರ್ಲಿಸ್, ನಡೆಸ್ತಿದೀಯೋ ಭಿಕ್ಷೆ ಬೇಡ್ತಿದೀಯೋ?" ಎಂದು ಆರ್ಡಿಸ್ ಕೂಗಿದಳು. ಜನ ಮತ್ತೆ ಹೊಟ್ಟೆ ಹಿಡಿದುಕೊಂಡರು.

ಸಿಗ್ರಿಡ್ ಕಂಬಿಗೆ ಒರಗಿ, ಕೈಕಟ್ಟಿ ನಿಂತಿದ್ದಳು. ಒಂದು ನಿಮಿಷ ನನ್ನ ಪಾಡು ನೋಡಿ ಖುಷಿಪಟ್ಟಳು. ಪಡಲಿ, ಅವಳಿಗೆ ಆ ಹಕ್ಕಿತ್ತು. ಆಮೇಲೆ ಮೆಲ್ಲಗೆ ಹೇಳಿದಳು, "ಭುಜ ಮುಟ್ಟಜ್ಜಿ. ಎರಡೇ ಬೆರಳು. ಒತ್ತಬೇಡ."

ಮುಟ್ಟಿದೆ. ಪೆಟೂನಿಯಾ ನಡೆದಳು. ಕಣದ ಉದ್ದಕ್ಕೂ, ಜನರ ಮುಂದೆ, ನಾನು ಹೇಳಿದಷ್ಟು ನಿಧಾನವಾಗಿ ನಡೆದಳು. ಅಂಗೈ ಎತ್ತಿದೆ. ನಾಲ್ಕೂ ಕಾಲು ಸರಿಯಾಗಿ ಊರಿ ನಿಂತಳು. ಮೂರು ವಾರ ಬಿಸ್ಕತ್ತು ಹಾಕಿ ನಾನು ಕೆಡಿಸಿದ್ದರೂ ಆ ಹುಡುಗಿ ಕಲಿಸಿದ್ದು ಒಳಗೆ ಹಾಗೇ ಇತ್ತು. ನನಗೆ ಎಷ್ಟು ಸಂತೋಷವಾಯಿತೋ ಅಷ್ಟೇ ನಾಚಿಕೆಯೂ ಆಯಿತು.

ತೀರ್ಪುಗಾರ್ತಿ ತಮಾಷೆಗೆಂದು ಮೈಕನ್ನು ನನ್ನ ಬಾಯಿಗೆ ಹಿಡಿದಳು. "ಏನಾದ್ರೂ ಹೇಳ್ತೀರಾ?"

"ಹೇಳ್ತೀನಿ" ಎಂದೆ. "ಬೆಳಿಗ್ಗೆ ಈ ಕಡಸು ಓಡಿ ಬಂದದ್ದು ನನ್ನ ಮೊಮ್ಮಗಳ ತಪ್ಪಲ್ಲ. ಅವಳಿಗೆ ಗೊತ್ತಿಲ್ಲದ ಹಾಗೆ ನಾನು ದಿನಾ ಬಿಸ್ಕತ್ತು ತಿನ್ನಿಸ್ತಿದ್ದೆ. ಅವಳ ಕೆಲಸಕ್ಕೆ ಕೈ ಹಾಕಿ ಕೆಡಿಸಿದವಳು ನಾನು. ಕ್ಲಬ್ಬಿನ ಎಲ್ಲ ಅಪ್ಪ ಅಮ್ಮಂದಿರೂ ಕೇಳಿಸಿಕೊಂಡ್ರಿ ತಾನೆ? ಇನ್ನು ನನ್ನ ಮುಂದೆ ನಗೋದಿದ್ರೆ ಈಗಲೇ ನಕ್ಕುಬಿಡಿ."

ನಕ್ಕರು. ಚಪ್ಪಾಳೆಯನ್ನೂ ತಟ್ಟಿದರು. ಟೇಟ್ ತನ್ನ ಟೋಪಿ ತೆಗೆದು ಸಿಗ್ರಿಡ್‌ಳತ್ತ ಆಡಿಸಿದ. ಅವಳು ಕಿವಿಯವರೆಗೂ ಕೆಂಪಾದಳು. ರಿಬ್ಬನ್ನು ಬದಲಾಗಲಿಲ್ಲ, ಬದಲಾಗಬೇಕಾಗಿಯೂ ಇರಲಿಲ್ಲ.

ಗೇಟಿನ ಹತ್ತಿರ ಸಿಗ್ರಿಡ್ ನನ್ನ ಕೈಯಿಂದ ಹಗ್ಗ ತೆಗೆದುಕೊಂಡಳು. ಇಬ್ಬರೂ ಕೊಟ್ಟಿಗೆಯ ಕಡೆ ನಡೆದೆವು.

"ಸೂಲಂಗಿ ಕೆಲಸ ಮುಗೀತು. ಸೋಮವಾರದಿಂದ ಬೆಳಿಗ್ಗೆನೂ ನಾನೇ ನಡೆಸ್ತೀನಿ" ಎಂದಳು.

"ಸರಿ ಕಣಮ್ಮ. ನಾನು ಕೊಟ್ಟಿಗೆ ಕಡೆ ತಲೆನೂ ಹಾಕಲ್ಲ."

"ತಲೆ ಹಾಕ್ಬೇಡ ಅಂದ್ನಾ ನಾನು? ಐದೂವರೆಗೆ ಬಾ. ಹಗ್ಗ ತೀರಾ ಉದ್ದ ಬಿಟ್ಟು ಹಿಡೀತೀಯ, ಹೆಜ್ಜೆನೂ ದೊಡ್ಡದು." ಅವಳು ನನ್ನತ್ತ ನೋಡದೆಯೇ ಹೇಳಿದಳು, "ಕಲಿಸ್ತೀನಿ."

ಅರವತ್ತು ವರ್ಷದ ಹಿಂದೆ ಯಾರಾದರೂ ನನಗೆ ಈ ಮಾತು ಹೇಳಲಿ ಎಂದು ಬೇಲಿಯ ಪಕ್ಕ ನಿಂತು ಕಾದಿದ್ದೆ. ಐದು ಗಂಟೆಗೇ ಬರುತ್ತೇನೆ ಎಂದೆ.